ಕರೆಗಳಿಗೆ ಕಟ್ಟಳೆ: ಸಿಪಿಎಲ್‌ನ ಗೆಲುವು, ಕೊರತೆ

ಮಲ್ಲತ್ತಹಳ್ಳಿಯಲ್ಲಿ ಮಕ್ಕಳ ಕ್ಲಿನಿಕ್ ಒಂದಿದೆ ಎಂದುಕೊಳ್ಳಿ. ಹಗಲಿನ ಕರೆ ಕೌಂಟರ್‌ಗೆ, ರಾತ್ರಿ 8ರ ಮೇಲೆ ಬಂದದ್ದು ಡಾಕ್ಟರ ಮೊಬೈಲ್‌ಗೆ, ನಂಬರ್ ಮರೆಮಾಚಿದ್ದು ವಾಯ್ಸ್‌ಮೇಲ್‌ಗೆ ಹೋಗಬೇಕು. ಇಂಟರ್ನೆಟ್ ಫೋನಿನಲ್ಲಿ ಇದಕ್ಕೆ ಆಪರೇಟರ್ ಬೇಡ, ಒಂದು ಸ್ಕ್ರಿಪ್ಟ್ ಸಾಕು. ಅದನ್ನು ಬರೆಯುವವರಿಗೆ ಎಷ್ಟು ಸಲಿಗೆ ಕೊಡಬೇಕು ಎಂಬುದರಲ್ಲೇ ತಕರಾರು.

ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಆಸ್ಟರಿಸ್ಕ್ ಎಂಬ ಫೋನ್ ಸಾಫ್ಟ್‌ವೇರ್ ಪೂರ್ತಿ ಸಲಿಗೆ ಕೊಡುತ್ತದೆ. ಅದರ ಡಯಲ್‌ಪ್ಲಾನ್, ಅಂದರೆ ಕರೆ ನಡೆಸುವ ನಿಯಮಪಟ್ಟಿ, ಯಾವ ಸಾಲಿಗಾದರೂ ಜಿಗಿಯಬಲ್ಲದು, ಸುತ್ತಿದಲ್ಲೇ ಸುತ್ತಬಲ್ಲದು, ಸರ್ವರ್‌ನಲ್ಲಿರುವ ಬೇರೆ ಪ್ರೋಗ್ರಾಂಗಳನ್ನೂ ಓಡಿಸಬಲ್ಲದು. ಪಳಗಿದವರಿಗೆ ಇದು ವರ. ಆದರೆ ಇಷ್ಟೊಂದು ಅಧಿಕಾರವನ್ನು ಪ್ರತಿಯೊಬ್ಬ ಗ್ರಾಹಕನ ಕೈಗೆ ಕೊಡಲು ಯಾವ ಸರ್ವರ್ ಮಾಲೀಕನೂ ಒಪ್ಪಲಾರ.

ಕೊಲಂಬಿಯಾ ವಿಶ್ವವಿದ್ಯಾಲಯದ ಲೆನಾಕ್ಸ್, ವೂ ಮತ್ತು ಶುಲ್ಜ್‌ರಿನ್ ರೂಪಿಸಿದ ಸಿಪಿಎಲ್ (ಕಾಲ್ ಪ್ರೊಸೆಸಿಂಗ್ ಲ್ಯಾಂಗ್ವೇಜ್) ಇದಕ್ಕೆ ತದ್ವಿರುದ್ಧ. 2004ರ ಅಕ್ಟೋಬರ್‌ನಲ್ಲಿ ಆರ್‌ಎಫ್‌ಸಿ 3880 ಎಂಬ ಇಂಟರ್ನೆಟ್ ಮಾನದಂಡ ದಾಖಲೆಯಾಗಿ ಪ್ರಕಟವಾದ ಈ ಭಾಷೆಯಲ್ಲಿ ಲೂಪ್ ಇಲ್ಲ, ಹೊರಗಿನ ಪ್ರೋಗ್ರಾಂ ಓಡಿಸುವಂತಿಲ್ಲ. ಸ್ಕ್ರಿಪ್ಟಿನ ಒಂದು ತುಣುಕು ತನಗಿಂತ ಮೇಲೆ ಬರೆದ ತುಣುಕನ್ನು ಮಾತ್ರ ಕರೆಯಬಹುದು. ಹಾಗಾಗಿ ಯಾರು ಬರೆದ ಸ್ಕ್ರಿಪ್ಟೂ ಮುಗಿಯಲೇಬೇಕು. ಕೈಕಟ್ಟಿದ್ದೇ ಅದರ ಬಲ. ಅಪರಿಚಿತರ ನಿಯಮವನ್ನೂ ಸರ್ವರ್ ಅಂಜದೆ ನಡೆಸಬಹುದು.

ಕರೆಯ ಭಾಷೆ ನೋಡಿ ದಾರಿ ತೋರುವ ಸೌಲಭ್ಯವೂ ಇದರಲ್ಲಿದೆ. ಕರೆ ಮಾಡಿದವರ ಫೋನ್ ಕನ್ನಡ ಬೇಕೆಂದು ತಿಳಿಸಿದರೆ, ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ಕಾಟವಿಲ್ಲದೆ ಕನ್ನಡ ಬಲ್ಲವರಿಗೇ ಕರೆ ಸೇರಬಹುದು. ಯೋಚನೆ ಸೊಗಸು. ಆದರೆ ಮೊಬೈಲ್ ಜಾಲ ದಾಟಿ ಬರುವ ಕರೆಯ ಜೊತೆ ಈ ಮಾಹಿತಿ ಸಾಮಾನ್ಯವಾಗಿ ಬರುವುದಿಲ್ಲ.

ಕೊರತೆಯೂ ಇಲ್ಲೇ ಇದೆ. ಕರೆ ತನ್ನ ಬಗ್ಗೆ ಹೇಳಿಕೊಂಡದ್ದನ್ನು ಸ್ಕ್ರಿಪ್ಟ್ ನಂಬುತ್ತದೆ, ಪರೀಕ್ಷಿಸುವುದಿಲ್ಲ. ನಂಬರನ್ನೇ ನಕಲಿ ಮಾಡುವ ವಂಚಕ ಸಲೀಸಾಗಿ ಒಳಬರುತ್ತಾನೆ. ಆಸ್ಟರಿಸ್ಕ್‌ನ ಪ್ರೈವಸಿ ಮ್ಯಾನೇಜರ್ ಕೂಡ ಅನಾಮಿಕ ಕರೆಗಾರನಿಂದ ಹತ್ತಂಕಿಯ ನಂಬರ್ ಕೇಳುತ್ತದೆ. ಸುಳ್ಳು ಒತ್ತಿದರೂ ಅದಕ್ಕೆ ತಿಳಿಯದು. ಜರಡಿ ಹಿಡಿಯುವ ಕೆಲಸವನ್ನು ನಿಯಮಗಳಿಗಷ್ಟೇ ಬಿಟ್ಟರೆ ಸಾಲದು, ನಂಬರಿನ ಸಾಚಾತನಕ್ಕೆ ಜಾಲವೇ ಹೊಣೆ ಹೊರಬೇಕು.

ಸಿಪಿಎಲ್ ಬಳಸುವ ಎಕ್ಸ್‌ಎಂಎಲ್ ಗುರುತು ಭಾಷೆಯ ಕೋನಾವರಣಗಳಲ್ಲಿ ನಿಯಮ ಬರೆಯುವ ತಾಳ್ಮೆ ಡಾಕ್ಟರಿಗೆ ಎಲ್ಲಿದ್ದೀತು? ಬೆಂಗಳೂರಿನ ಎಕ್ಸೋಟೆಲ್‌ನಂಥ ಕಂಪನಿಗಳು ಪರದೆಯ ಮೇಲೆ ತುಣುಕು ಜೋಡಿಸಿ ದಾರಿ ಹಾಕುವ ಸುಲಭ ವಿಧಾನ ತಂದಿವೆ. ಬರೆಯುವ ಕಷ್ಟ ತಪ್ಪಿತು. ಆದರೆ ಎಲ್ಲ ಸರ್ವರ್‌ಗಳಿಗೂ ಒಂದೇ ಭಾಷೆ ಎಂಬ ಸಿಪಿಎಲ್‌ನ ಆಶಯ ಹಿಂದೆ ಬಿತ್ತು, ಒಂದು ಕಂಪನಿಯಲ್ಲಿ ಹಾಕಿದ ನಿಯಮ ಇನ್ನೊಂದಕ್ಕೆ ಒಯ್ಯಲಾಗದಂತಾಯಿತು. 2011ರಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡು ಮೊಬೈಲ್ ಕಂಪನಿ ಬದಲಿಸುವ ಹಕ್ಕು ನಮಗಿದೆ. ಆ ನಂಬರಿಗೆ ನಾವೇ ಹಾಕಿದ ಕಟ್ಟಳೆಗಳಿಗೂ ಅದೇ ಹಕ್ಕು ಸಿಗಬೇಕು.