ಸಾವಿನ ಕತೆ ಇದೆ, ಖರ್ಚಿನ ಲೆಕ್ಕ ಇಲ್ಲ

ರೋಗಕ್ಕೆ ಜಾತಿಯಿಲ್ಲ, ವರ್ಗವಿಲ್ಲ ಎಂದು ನಮ್ಮ ಸಾಹಿತಿಗಳು ಸಲೀಸಾಗಿ ಬರೆಯುತ್ತಾರೆ. ಕ್ಯಾನ್ಸರ್ ಗಡ್ಡೆಗೆ ಜಾತಿ ಇಲ್ಲದಿರಬಹುದು. ಆದರೆ ಅದು ಎಷ್ಟು ತಡವಾಗಿ ಪತ್ತೆಯಾಗುತ್ತದೆ, ಕಾಸಿಗಾಗಿ ಯಾರ ಬಾಗಿಲಲ್ಲಿ ನಿಲ್ಲುತ್ತೇವೆ, ಏನನ್ನು ಒತ್ತೆ ಇಡುತ್ತೇವೆ ಎನ್ನುವುದಕ್ಕೆ ಜಾತಿಯೂ ಇದೆ, ವರ್ಗವೂ ಇದೆ. ನಮ್ಮ ಕತೆ, ಕಾದಂಬರಿ, ಸಿನಿಮಾಗಳನ್ನು ಈ ಕಡೆಯಿಂದ ಓದಬೇಕಾಗಿದೆ.

1971ರ ‘ಆನಂದ್’ ಹಿಂದಿ ಚಿತ್ರವನ್ನೇ ತೆಗೆದುಕೊಳ್ಳಿ. ನಿರ್ದೇಶಕ ಹೃಷಿಕೇಶ್ ಮುಖರ್ಜಿ ಬಡತನ ಕಾಣದವರೇನಲ್ಲ. ಬಡವರ ಕಾಯಿಲೆಗೆ ಔಷಧಿ ಬರೆದುಕೊಟ್ಟು ಏನು ಫಲ ಎಂದು ಅದರ ಡಾಕ್ಟರ್ ಭಾಸ್ಕರ್ ಕುದಿಯುತ್ತಾನೆ. ಅವನ ಗೆಳೆಯ ಇಲ್ಲದ ಕಾಯಿಲೆಯ ಶ್ರೀಮಂತರಿಂದ ದುಡ್ಡು ವಸೂಲಿ ಮಾಡಿ ಬಡವರನ್ನು ನೋಡುತ್ತಾನೆ. ಇಷ್ಟು ಕಂಡ ಚಿತ್ರ, ಕರುಳಿನ ಕ್ಯಾನ್ಸರ್ ಹೊತ್ತು ಆನಂದ ಬಂದ ಕೂಡಲೇ ಲೆಕ್ಕದ ಪುಸ್ತಕ ಮುಚ್ಚಿಬಿಡುತ್ತದೆ. ಆನಂದನಿಗೆ ಹೆಂಡತಿ ಮಕ್ಕಳಿಲ್ಲ, ಸಾಲವಿಲ್ಲ, ನಾಳೆಯ ಕೂಲಿಯ ಚಿಂತೆಯಿಲ್ಲ. ಅದಕ್ಕೇ ನಗುನಗುತ್ತಾ ಸಾಯುತ್ತಾನೆ. ಹಾಗೆ ಸಾಯಲಿಕ್ಕೂ ಕಾಸು ಬೇಕು ಕಣ್ರಪ್ಪಾ!

ಅನಂತಮೂರ್ತಿಯವರ ‘ಸಂಸ್ಕಾರ’ (1965)ದಲ್ಲಿ ರೋಗ ಬೇರೆ, ಪ್ಲೇಗು. ನೋಟ ಮಾತ್ರ ಇಂಥದ್ದೇ. ಅಗ್ರಹಾರದ ಒಂದು ಹೆಣವನ್ನು ಯಾರು ಸುಡಬೇಕೆಂಬುದೇ ಅಲ್ಲಿ ದೊಡ್ಡ ಪ್ರಶ್ನೆ. ಕೇರಿಯ ಬೆಳ್ಳಿಯ ಅಪ್ಪ ಅವ್ವ ಸತ್ತದ್ದು ಪಕ್ಕದಲ್ಲಿ ಸಾಗಿಹೋಗುತ್ತದೆ.

ಅಮೆರಿಕದ ಸೂಸನ್ ಸೊಂಟಾಗ್ 1978ರಲ್ಲಿ ರೋಗವನ್ನು ರೂಪಕ ಮಾಡಬೇಡಿ ಎಂದು ಒಂದು ಪುಸ್ತಕವನ್ನೇ ಬರೆದರು. ಕ್ಯಾನ್ಸರ್ ರೋಗಿಯ ಸ್ವಭಾವದಿಂದ ಬರುತ್ತದೆ ಎಂಬ ನಂಬಿಕೆಯನ್ನು ಅದು ಒಡೆಯಿತು. ನಮ್ಮಲ್ಲಿ ಆ ನಂಬಿಕೆಯ ಹೆಸರು ಕರ್ಮ. ನಮ್ಮನ್ನು ಕೇರಿಯಲ್ಲಿಟ್ಟಿದ್ದೂ ಅದೇ ಕರ್ಮ, ಈಗ ಗಡ್ಡೆ ಕೊಟ್ಟಿದ್ದೂ ಅದೇ ಅಂತೆ. ಆದರೆ ಆ ಪುಸ್ತಕದಲ್ಲೂ ಬಿಲ್ ಇಲ್ಲ. 1975ರಲ್ಲಿ ಸೊಂಟಾಗರಿಗೇ ಸ್ತನ ಕ್ಯಾನ್ಸರ್ ಆದಾಗ ವಿಮೆ ಇರಲಿಲ್ಲ. ಗೆಳೆಯರು ಹಣ ಕೂಡಿಸಿದರು. ಅಂಥ ಗೆಳೆಯರಿಲ್ಲದವರ ಗತಿ?

ಗುಂಡ್ಲುಪೇಟೆ ತಾಲೂಕಿನ ಕೇರಿಯಿಂದ ಆ ಲೆಕ್ಕ ಬರೆದು ನೋಡೋಣ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆ ಇದೆ. ಇವು ಸಣ್ಣ ಮಾತಲ್ಲ. ಆದರೆ ಕಾರ್ಡು ಕೊಡುವುದು ಚಿಕಿತ್ಸೆಯ ದುಡ್ಡನ್ನು, ಬದುಕಿನ ದುಡ್ಡನ್ನಲ್ಲ. ವಿಕಿರಣ ಚಿಕಿತ್ಸೆ ಅಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಐದಾರು ವಾರ. ಅಷ್ಟು ದಿನ ರೋಗಿಯ ಕೂಲಿ ಹೋಯಿತು, ಜೊತೆಗೆ ಹೋದವರ ಕೂಲಿಯೂ ಹೋಯಿತು. ಊಟ ಯಾರದು? ಊರಲ್ಲಿ ಬಿಟ್ಟುಹೋದ ಮಕ್ಕಳಿಗೆ ಮುದ್ದೆ ತೊಳಸೋರು ಯಾರು? ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಇದೆ. ಗುಂಡ್ಲುಪೇಟೆಗೆ ರೈಲೇ ಇಲ್ಲ. 2023ರ ‘ಶಕ್ತಿ’ ಯೋಜನೆಯಲ್ಲಿ ಹೆಂಡತಿಗೆ ಬಸ್ಸು ಪುಕ್ಕಟೆ. ಪಕ್ಕದಲ್ಲಿ ಕೂತ ಗಂಡ ಟಿಕೇಟು ತೆಗೆಯಬೇಕು.

ಆಮೇಲೆ ಓಲೆ ಹೋಗುತ್ತದೆ, ಹಸು ಹೋಗುತ್ತದೆ, ಸಂಘದ ಸಾಲ ಬರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಆ ಸಾಲ ಯಾಕೆ ಮಾಡಿದರು ಎಂದು ಕೇಳಿದೆಯೇ? ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡಬಾರದು ಎಂದು 1978ರ ಕಾಯ್ದೆ ಹೇಳುತ್ತದೆ. ಹಾಸಿಗೆ ಹಿಡಿದವರ ಮನೆಯಲ್ಲಿ ನಡೆಯುವ ಬಾಯಿಮಾತಿನ ಭೋಗ್ಯವನ್ನು ಯಾವ ಕಾಯ್ದೆ ತಡೆದೀತು?

ಊಟವೂ ಚಿಕಿತ್ಸೆಯೇ ಎಂದು ಸರ್ಕಾರ ಕ್ಷಯ ರೋಗಿಗಳ ವಿಷಯದಲ್ಲಿ ಆಗಲೇ ಒಪ್ಪಿದೆ. ಅವರಿಗೆ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ. ಕ್ಯಾನ್ಸರ್ ರೋಗಿಯ ಊಟ, ಜೊತೆಗಾರರ ಬಸ್ ಚಾರ್ಜು, ಹೋದ ಕೂಲಿ, ಇವೂ ಚಿಕಿತ್ಸೆಯ ಖರ್ಚೇ ಎಂದು ಒಪ್ಪಲಿಕ್ಕೆ ಏನು ಅಡ್ಡಿ?

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮೂರಿನ ಮನೆಗಳಲ್ಲಿ ಔಷಧಿ ಚೀಟಿಯ ಜೊತೆಗೇ ಸಾಲದ ಚೀಟಿಯೂ ಮಡಚಿಟ್ಟಿರುತ್ತದೆ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಮರೆಸಿ, ಎರಡನ್ನೂ ಬರೆದಿಡಿ. ವಿಧಿ, ಕರ್ಮ, ಧೀರ ಮರಣ ಎನ್ನುವ ಸಾಹಿತ್ಯ ಸಾಕು. ಸತ್ತವರ ಹಿಂದೆ ಉಳಿದವರು ಎಷ್ಟು ವರ್ಷ ಸಾಲ ತೀರಿಸಿದರು ಎಂದು ಹೇಳುವ ಕತೆ ಬರಲಿ.