ರೇಖಾಚಿತ್ರಗಳ ಶೋಧನೆ ಮತ್ತು ವರ್ಣಪೂರಣ: ಒಂದು ವಿಮರ್ಶೆ

ಪ್ರಾಚೀನ ಬಸದಿಗಳ ಜಿನಬಿಂಬಗಳನ್ನೂ ತಾಳೆಗರಿಗಳ ಚಿತ್ರಗಳನ್ನೂ ಕೈಯಿಂದ ರೇಖಾರೂಪದಲ್ಲಿ ಬರೆದುಕೊಂಡು, ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಕಲೆಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಪದ್ಧತಿ ಈಚೆಗೆ ರೂಢಿಗೆ ಬಂದಿದೆ. ಸಾಮಾನ್ಯ ಶ್ರಾವಕರಿಗೂ ಪ್ರಾಚೀನ ಕಲೆಯ ಪರಿಚಯವಾಗಲು ಇದು ಸಾಧನವಾಗುವುದು ಸ್ತುತ್ಯವೇ. ಆದರೆ ಈ ಶೋಧನೆಯನ್ನು ಕೇವಲ ಯಾಂತ್ರಿಕ ಕೆಲಸವೆಂದು ಭಾವಿಸುವುದು ಯುಕ್ತವಲ್ಲ. ಅದು ವಸ್ತುತಃ ಸಂಪಾದನಕಾರ್ಯ. ಗ್ರಂಥಸಂಪಾದನೆಯಲ್ಲಿ ಲೋಪ, ಪ್ರಕ್ಷೇಪಗಳೆಂಬ ಎರಡು ದೋಷಗಳು ಹೇಗೋ ಇಲ್ಲಿಯೂ ಹಾಗೆಯೇ.

ರೋಣ, ನರಗುಂದ, ಗಜೇಂದ್ರಗಡಗಳ ಪರಿಸರವನ್ನೇ ನಿದರ್ಶನವಾಗಿ ನೋಡಬಹುದು. ಈ ಸೀಮೆಯ ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿಯು ಬಸದಿಯನ್ನು ಕಟ್ಟಿಸಿದುದೂ ಅಲ್ಲಿಯ ದಾನಶಾಲೆಗೆ ದತ್ತಿ ಸಂದುದೂ ಕ್ರಿ.ಶ. 950ರ ಶಾಸನದಿಂದ ವಿದಿತವಾಗಿದೆ. ಇಂತಹ ನೆಲೆಗಳಲ್ಲಿ ಚಿತ್ರಕಾರನ ಎದುರಿಗಿರುವುದು ಸವೆದ ಕಲ್ಲು. ಮೂಡಬಿದಿರೆಯ ಧವಲಾ ಗರಿಗಳಲ್ಲಾದರೆ ಹನ್ನೆರಡನೆಯ ಶತಮಾನದ ಬಣ್ಣವೇ ಉಳಿದಿದೆ. ಅಲ್ಲಿ ಮೂಲವನ್ನು ನೋಡಿ ತುಂಬಬಹುದು. ಕಲ್ಲಿನಿಂದ ಬರೆದ ರೇಖೆಗೆ ವರ್ಣವು ಶಾಸ್ತ್ರದಿಂದಲೇ ಬರಬೇಕು. ಯಾವ ಶಾಸ್ತ್ರವಚನ ಅನ್ವಯಿಸುತ್ತದೆ ಎಂಬುದು ತೀರ್ಥಂಕರನ ಗುರುತನ್ನೂ, ಗುರುತು ಬಹುಮಟ್ಟಿಗೆ ಪೀಠದ ಕಿರಿಯ ಲಾಂಛನವನ್ನೂ ಅವಲಂಬಿಸಿದೆ.

ಲೋಪದೋಷ ಸಂಭವಿಸುವುದು ಇಲ್ಲಿಯೇ. ಸ್ಕ್ಯಾನ್ ಮಾಡಿದ ಬೂದುಬಣ್ಣದ ಚಿತ್ರದಲ್ಲಿ ಸಾಮಾನ್ಯವಾಗಿ 256 ಛಾಯೆಗಳಿರುತ್ತವೆ. ಅದನ್ನು ಕಪ್ಪು-ಬಿಳುಪಿಗೆ ಇಳಿಸುವಾಗ ಒಂದು ಮಿತಿಯನ್ನು ಗೊತ್ತುಪಡಿಸಿ, ಅದಕ್ಕಿಂತ ತಿಳಿಯಾದುದೆಲ್ಲವನ್ನೂ ಬಿಳುಪೆಂದು ಗಣಿಸಲಾಗುತ್ತದೆ. ಚಿತ್ರಕಾರನು ಸಂದೇಹದಿಂದ ತೆಳುವಾಗಿ ಎಳೆದ ಗೆರೆ ಆಗಲೇ ಅಳಿಯುತ್ತದೆ. ಅನಂತರ ಬಿಡಿ ಚುಕ್ಕೆಗಳನ್ನು ಕಸವೆಂದು ತೆಗೆಯುವಾಗ ಚಂದ್ರಪ್ರಭನ ಪೀಠದ ಸಣ್ಣ ಅರ್ಧಚಂದ್ರವೂ ಹೋಗಬಹುದು. ಆಗ ಶ್ವೇತವರ್ಣನಾಗಬೇಕಾದ ಜಿನನು ಸುವರ್ಣವರ್ಣನಾಗುತ್ತಾನೆ. ಪದ್ಮಪ್ರಭನ ಲಾಂಛನ ಪದ್ಮ, ನಮಿನಾಥನದು ನೀಲೋತ್ಪಲ. ದಳಗಳ ಒಳಗೆರೆಗಳು ಅಳಿದರೆ ಇವೆರಡರ ಭೇದವೂ ಅಳಿಯುತ್ತದೆ. ಮೊದಲನೆಯವನು ರಕ್ತವರ್ಣದವನು, ಎರಡನೆಯವನು ಸುವರ್ಣವರ್ಣದವನು.

ಪ್ರಕ್ಷೇಪದೋಷ ಇನ್ನೂ ಗಂಭೀರವಾದುದು. ಬಣ್ಣವು ಹೊರಕ್ಕೆ ಹರಿಯದಿರಲು ಆಕೃತಿಯ ಹೊರಗೆರೆ ಎಲ್ಲೆಡೆಯೂ ಮುಚ್ಚಿರಬೇಕು. ಆದ್ದರಿಂದ ತುಂಡಾದ ಗೆರೆಗಳನ್ನು ಜೋಡಿಸಲಾಗುತ್ತದೆ. ಕಲ್ಲಿನ ಬಿರುಕನ್ನು ತೋರಿಸಲು ಎಳೆದ ಗೆರೆಯನ್ನಾಗಲಿ, ಗರಿಯ ನಾರಿನ ಗೆರೆಯನ್ನಾಗಲಿ ಹೊರಗೆರೆಯೊಂದಿಗೆ ಹೀಗೆ ಕೂಡಿಸಿದರೆ ಇಲ್ಲದ ವಸ್ತುವು ಹುಟ್ಟುತ್ತದೆ. ಕಾಯೋತ್ಸರ್ಗ ಬಿಂಬದ ತೊಡೆಯ ಮೇಲೆ ಅಡ್ಡಲಾಗಿ ಹಾಯ್ದ ಬಿರುಕು ಈ ರೀತಿ ಸೇರಿಕೊಂಡರೆ ವಸ್ತ್ರದ ಅಂಚಿನಂತೆ ಕಾಣುತ್ತದೆ. ದಿಗಂಬರ ಬಿಂಬವು ಸವಸ್ತ್ರವೆಂಬ ಭ್ರಾಂತಿಗೆ ಅಷ್ಟೇ ಸಾಕು. ಮೂಲವನ್ನು ಕಾಣದ ವಿದ್ವಾಂಸನು ಮುದ್ರಿತ ಚಿತ್ರವನ್ನೇ ಆಧಾರವಾಗಿ ಹಿಡಿದರೆ ಸಂಪ್ರದಾಯನಿರ್ಣಯವೇ ತಪ್ಪುತ್ತದೆ.

ವರ್ಣದ ಆಯ್ಕೆಯಲ್ಲಿಯೂ ಪರಂಪರಾಭೇದವನ್ನು ಮರೆಯಬಾರದು. ದಿಗಂಬರ ಪರಂಪರೆಯ ತಿಲೋಯಪಣ್ಣತ್ತಿಯಂತೆ ಸುಪಾರ್ಶ್ವ-ಪಾರ್ಶ್ವರು ಹರಿತವರ್ಣದವರು, ಮಲ್ಲಿನಾಥನು ಸುವರ್ಣವರ್ಣದವನು. ಹೇಮಚಂದ್ರನ ಅಭಿಧಾನಚಿಂತಾಮಣಿಯಂತೆ ಮಲ್ಲಿ-ಪಾರ್ಶ್ವರು ನೀಲವರ್ಣದವರು, ಸುಪಾರ್ಶ್ವನು ಸುವರ್ಣವರ್ಣದವನು. ಪಶ್ಚಿಮ ಭಾರತದ ಕಲ್ಪಸೂತ್ರ ಚಿತ್ರಗಳ ವರ್ಣಗಳನ್ನು ಕನ್ನಡನಾಡಿನ ದಿಗಂಬರ ಬಿಂಬಗಳಿಗೆ ಹಾಗೆಯೇ ತುಂಬುವುದು, ಒಂದು ಪಾಠಪರಂಪರೆಯ ಓದನ್ನು ಇನ್ನೊಂದರೊಳಗೆ ಸೇರಿಸಿದಂತೆ.

ಇದರಿಂದ ಶೋಧನೆಯೇ ತ್ಯಾಜ್ಯವೆಂದು ಆಗುವುದಿಲ್ಲ. ಕಾಗದದ ಮಡಿಕೆ, ಶಾಯಿಯ ಕಲೆ, ಧೂಳು ಇವುಗಳನ್ನು ತೆಗೆಯುವುದು ಅವಶ್ಯವೇ. ಆದರೆ ಸಂಪಾದನಶಾಸ್ತ್ರದ ನಿಯಮಗಳು ಇಲ್ಲಿಯೂ ನಡೆಯಬೇಕು. ಹಾಳೆಯನ್ನು ಬೂದುಬಣ್ಣದಲ್ಲಿಯೋ ವರ್ಣದಲ್ಲಿಯೋ ಅಂಗುಲಕ್ಕೆ 600 ಬಿಂದುಗಳಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಆ ಪ್ರತಿಯನ್ನು ತಿದ್ದದೆ ಮೂಲಮಾತೃಕೆಯಾಗಿ ಕಾಪಾಡಬೇಕು. ಮೂಲರೇಖೆ, ಪೂರಿತ ರೇಖೆ, ವರ್ಣ ಈ ಮೂರೂ ಬೇರೆ ಬೇರೆ ಪದರಗಳಲ್ಲಿರಬೇಕು. ಶಾಸನಸಂಪಾದಕರು ಊಹಿತ ಅಕ್ಷರಗಳನ್ನು ಕಂಸದಲ್ಲಿಡುವಂತೆ, ಪೂರಿತ ರೇಖೆಯನ್ನು ಪ್ರಕಟಿತ ಚಿತ್ರದಲ್ಲಿ ಚುಕ್ಕೆಗೆರೆಯಾಗಿ ತೋರಿಸಬೇಕು. ಪೀಠಭಾಗದಲ್ಲಿ ಚುಕ್ಕೆಗಳನ್ನು ಯಂತ್ರದಿಂದ ತೆಗೆಸದೆ, ಬಿಂಬಲಕ್ಷಣ ಬಲ್ಲವರು ಒಂದೊಂದನ್ನೂ ನೋಡಿ ನಿರ್ಧರಿಸಬೇಕು. ವರ್ಣಕ್ಕೆ ಆಧಾರವಾದ ಗ್ರಂಥವನ್ನು ಚಿತ್ರದ ಕೆಳಗೆ ನಮೂದಿಸಬೇಕು.

ಲಾಂಛನವು ನಿಶ್ಚಿತವಾಗದಿದ್ದಲ್ಲಿ, ಬೇರೆ ಲಕ್ಷಣದಿಂದಲೂ ಗುರುತು ಸಿಗದಿದ್ದಲ್ಲಿ, ವರ್ಣವನ್ನು ತುಂಬದೆ ರೇಖೆಯನ್ನಷ್ಟೇ ಪ್ರಕಟಿಸುವುದು ಉಚಿತ. ತ್ರುಟಿತವಾದ ಗರಿಯ ಸ್ಥಾನವನ್ನು ಸಂಪಾದಕನು ಸ್ವಂತ ಪದ್ಯದಿಂದ ತುಂಬುವುದಿಲ್ಲ. ಎಷ್ಟು ಅಕ್ಷರ ಲುಪ್ತವೆಂದು ಸೂಚಿಸಿ ಮುಂದೆ ಸಾಗುತ್ತಾನೆ. ಚಿತ್ರಶೋಧಕನಿಗೂ ಅದೇ ಮಾರ್ಗ.