ಒಂದು ಕಿಲೋದ ಅಂತರ

ಶಿರ್ತಾಡಿ ಕಡೆಯವರಿಗೆ ಕೂದಲೆಳೆಯ ಗೆಲುವಿನ ರುಚಿ ಚೆನ್ನಾಗಿ ಗೊತ್ತು. ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳದಲ್ಲಿ ಯಾವ ಕೋಣದ ಜೋಡಿ ಮೊದಲು ಗುರಿಯ ತುದಿಯಾದ ಮಂಜೊಟ್ಟಿ ಮುಟ್ಟಿತೆಂದು ಬೆಳಗಿನ ಜಾವದವರೆಗೂ ನಿದ್ದೆಗೆಟ್ಟು ನೋಡುವವರು ನಾವು. ಅಂಥ ಕಣ್ಣಿಗೆ ಭಾರ ಎತ್ತುವ ಗುರುರಾಜ ಪೂಜಾರಿಯವರ ಎರಡು ಕಾಮನ್‌ವೆಲ್ತ್ ಪದಕಗಳು ನಿಜವಾದ ಹಬ್ಬ.

ಕುಂದಾಪುರದ ವಂಡ್ಸೆ ಕಡೆಯ ಈ ಹುಡುಗನಿಗೆ ಮೊದಲು ಒಲಿದದ್ದು ಕುಸ್ತಿ. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದೇ ಅದಕ್ಕೆ ಪ್ರೇರಣೆ. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಮೇಲೆ ತರಬೇತುದಾರ ರಾಜೇಂದ್ರ ಪ್ರಸಾದ್ ಈ ಹುಡುಗನನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. ಮುಂದೆ ವಾಯುಪಡೆಯ ನೌಕರಿ.

2018ರ ಏಪ್ರಿಲ್ 5, ಗೋಲ್ಡ್ ಕೋಸ್ಟ್, 56 ಕಿಲೋ ವರ್ಗ. ಭಾರವನ್ನು ಒಂದೇ ಬೀಸಿಗೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111 ಕಿಲೋ ಬಂದಿತ್ತು. ಕ್ಲೀನ್ ಆಂಡ್ ಜರ್ಕ್‌ನಲ್ಲಿ 138ಕ್ಕೆ ಕೈ ಹಾಕಿ ಎರಡು ಸಲ ಸೋತರು. ಮೂರನೆಯದೂ ತಪ್ಪಿದರೆ ಪದಕವಿರಲಿ, ಒಟ್ಟು ಲೆಕ್ಕವೇ ಇಲ್ಲ. ಬಾಕ್ಸಿಂಗ್‌ನಲ್ಲಾದರೆ ಎದುರಾಳಿ ಒಮ್ಮೆ ಮೈಮರೆತಾನು, ಕಬ್ಬಿಣ ಮೈಮರೆಯುವುದಿಲ್ಲ.

ಕ್ಲೀನ್ ಆಂಡ್ ಜರ್ಕ್ ಎಂಬ ಈ ಎತ್ತುಗೆಯನ್ನು ಬಿಡಿಬಿಡಿಯಾಗಿ ನೋಡಬೇಕು. ಹೆಬ್ಬೆರಳನ್ನು ಬಾರ್‌ಗೂ ಉಳಿದ ಬೆರಳುಗಳಿಗೂ ನಡುವೆ ಸಿಕ್ಕಿಸಿಕೊಂಡ ಹಿಡಿತ. ಎಲ್ಲರೂ ತೋಳಿನ ಬಲವನ್ನು ಹೊಗಳುತ್ತಾರೆ, ಆದರೆ ಭಾರವನ್ನು ನೆಲದಿಂದ ಬಿಡಿಸುವುದು ಕಾಲು ಮತ್ತು ಸೊಂಟ. ಬಾರ್ ಮೇಲೇರುತ್ತಿರುವಾಗಲೇ ಮನುಷ್ಯ ಅದರ ಅಡಿಗೆ ಕುಸಿದು ಕುಕ್ಕರಗಾಲಿನಲ್ಲಿ ಅದನ್ನು ಹೆಗಲಿಗೆ ತಂದುಕೊಳ್ಳುತ್ತಾನೆ. ಎದ್ದು ನಿಂತು ಒಂದು ಉಸಿರು. ಮಂಡಿ ತುಸು ಬಾಗಿ ಚಿಮ್ಮಿದೊಡನೆ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ, ಮೊಣಕೈ ಎರಡೂ ನೆಟ್ಟಗೆ. ಕಾಲು ಕೂಡಿಸಿ, ತೀರ್ಪುಗಾರರು ಇಳಿಸೆನ್ನುವವರೆಗೆ ಅಲುಗದೆ ನಿಲ್ಲಬೇಕು. ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರದ ಕೆಳಗಿನ ಆ ನಿಲುವು ನನಗೆ ಈ ಆಟದ ಅತ್ಯಂತ ಚೆಲುವಾದ ಭಾಗ.

138 ನಿಂತಿತು. ಒಟ್ಟು 249, ಬೆಳ್ಳಿ. ಶ್ರೀಲಂಕಾದ ಚತುರಂಗ ಲಕ್ಮಲ್ 248ಕ್ಕೆ ಕಂಚು ಪಡೆದರು. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕವದು.

ಅದೇ ವರ್ಷ ಅಂತರರಾಷ್ಟ್ರೀಯ ಸಂಸ್ಥೆ ತೂಕದ ವರ್ಗಗಳನ್ನೇ ಬದಲಿಸಿತು, 56 ಇಲ್ಲವಾಯಿತು. ಗುರುರಾಜ್ 61ಕ್ಕೆ ಏರಿದರು. ಹಗುರ ಮೈಯವನಿಗೆ ಐದು ಕಿಲೋ ಸಣ್ಣ ಮಾತಲ್ಲ. ಮೈ ಬೆಳೆಸಬೇಕು, ಆದರೆ ಬೆಳೆದದ್ದೆಲ್ಲ ಬಲವಾಗಿರಬೇಕು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಲೆಕ್ಕ 118 ಮತ್ತು 151, ಒಟ್ಟು 269, ಕಂಚು. ನಾಲ್ಕನೆಯವರಾಗಿ ಬರಿಗೈಯಲ್ಲಿ ಉಳಿದ ಕೆನಡಾದ ಯೂರಿ ಸಿಮಾರ್ಡ್ ಅವರದು 268.

ಎರಡು ಸಲವೂ ಒಂದೇ ಒಂದು ಕಿಲೋ! ಇದನ್ನು ಅದೃಷ್ಟ ಎಂದವರ ಮಾತನ್ನು ನಾನು ಒಪ್ಪಲಾರೆ. ಎಷ್ಟು ಕಿಲೋ ಬರೆಸಬೇಕು, ಎದುರಾಳಿಗಿಂತ ಎಲ್ಲಿ ಮೇಲೆ ನಿಲ್ಲಬೇಕು ಎಂಬ ಲೆಕ್ಕಾಚಾರ ಕೋಚ್‌ಗಳದ್ದು. ಆ ಲೆಕ್ಕವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಜ ಮಾಡಿದ್ದು ಉಜಿರೆಯಲ್ಲಿ ಪಳಗಿದ ಈ ಮೈ.